ಮುಟ್ಟದೆ ಕೆಡವುವ ಗುರು

"ನಾನು ಕೈ ಎತ್ತಿದರೆ ಸಾಕು, ಎದುರಿಗೆ ನಿಂತವನು ನೆಲ ಹಿಡಿಯಲೇಬೇಕು. ಅವನನ್ನು ಮುಟ್ಟುವ ಅಗತ್ಯವೂ ನನಗಿಲ್ಲ!" ಎಂದು ತ್ರಿವಿಕ್ರಮ ಗುರುಗಳು ಕಾಗಲಗಟ್ಟದ ಅರಮನೆಯಲ್ಲಿ ಗುಡುಗಿದರು.

ಗುಡುಗಿದ್ದಷ್ಟೇ ಅಲ್ಲ, ಮಾಡಿಯೂ ತೋರಿಸಿದರು. ಅವರ ಶಿಷ್ಯನೊಬ್ಬ ಕೈ ಎತ್ತಿಕೊಂಡು ಓಡಿ ಬಂದ. ಗುರುಗಳು ಬೆರಳು ಆಡಿಸಿದರು. ಶಿಷ್ಯ ಪಲ್ಟಿ ಹೊಡೆಯುತ್ತಾ ಹೋಗಿ ಕಂಬಕ್ಕೆ ಬಡಿದ. ಇನ್ನೊಬ್ಬ ಬಂದ. ಗುರುಗಳು ಹುಬ್ಬು ಹಾರಿಸಿದರು. ಅವನು ಅಂಗಾತ ಬಿದ್ದ.

ನೋಡುತ್ತಾ ನೋಡುತ್ತಾ ಬೊಮ್ಮನಾಯಕರು ಗದ್ದುಗೆಯ ತುದಿಗೆ ಜಾರಿದ್ದರು. ನೆಲ್ಲಿಬೆಟ್ಟದವರ ಜೊತೆ ಯುದ್ಧ ಬಾಗಿಲಿಗೆ ಬಂದಿತ್ತು. ಇಂಥ ವಿದ್ಯೆ ತಾನಾಗಿ ಮನೆಗೆ ಬಂದರೆ ಯಾರಿಗೆ ಬೇಡ?

"ನಾಳೆಯಿಂದ ನಮ್ಮ ಸೈನಿಕರೆಲ್ಲ ಇವರ ಶಿಷ್ಯರು! ವಸ್ತಾದರ ಗರಡಿಯನ್ನು ಇವರಿಗೆ ಬಿಟ್ಟುಕೊಡಿ. ಆ ಕೆಮ್ಮಣ್ಣು ಎತ್ತಿ ಹೊರಗೆ ಸುರಿದು ಕಲ್ಲು ಹಾಸಿ" ಎಂದುಬಿಟ್ಟರು.

ಜಟ್ಟೆಪ್ಪ ವಸ್ತಾದರು ಕೂತಲ್ಲಿಂದ ದಡಬಡಿಸಿ ಎದ್ದರು. ಅರಮನೆಯ ಪೈಲ್ವಾನರಿಗೆಲ್ಲ ಕುಸ್ತಿ ಕಲಿಸಿದವರು ಅವರೇ. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ ಬೆರೆಸಿ, ಕೂಸಿನ ಮೈ ತಿಕ್ಕಿದ ಹಾಗೆ ತಿಕ್ಕಿ ಹದ ಮಾಡಿಟ್ಟಿದ್ದರು. ತೋಳಿನಲ್ಲಿ ಇನ್ನೂ ಬಲವಿತ್ತು. ಮಾತಿನ ಜಾಣತನ ಇರಲಿಲ್ಲ, ಅಷ್ಟೆ.

"ಬುದ್ಧಿ, ಆ ಹುಡುಗರು ತಾವಾಗೇ ಬೀಳ್ತಾ ಇದ್ದಾರೆ" ಎಂದು ತೊದಲಿದರು.

"ಹೊಟ್ಟೆಕಿಚ್ಚು!" ಎಂದರು ಗುರುಗಳು. "ಬೇಕಾದರೆ ಈ ಮುದುಕನೇ ಬರಲಿ. ಸತ್ತರೆ ಮಾತ್ರ ನನ್ನನ್ನು ಕೇಳಬಾರದು."

ವಸ್ತಾದರು ಕಚ್ಚೆ ಬಿಗಿದು ಮುಂದೆ ಹೆಜ್ಜೆ ಇಟ್ಟರು. ಹಿಂದಿನಿಂದ ಯಾರೋ ಅವರ ಪಂಚೆಯ ತುದಿ ಹಿಡಿದೆಳೆದರು. ತಿರುಗಿ ನೋಡಿದರೆ, ನಾಯಕರಿಗೆ ಎಲೆಯಡಿಕೆ ಮಡಿಸಿಕೊಡುವ ಸಂಕಣ್ಣ.

"ನೀವು ಕೂತ್ಕೊಳ್ಳಿ ವಸ್ತಾದರೇ. ನೀವು ಗೆದ್ದರೆ, ಪೈಲ್ವಾನ ತಾನೇ, ಗೆಲ್ಲದೆ ಏನು ಅಂತಾರೆ. ನಾನು ಹೋಗ್ತೀನಿ."

"ನೀನಾ? ಗಾಳಿ ಬೀಸಿದರೆ ಕಂಬ ಹಿಡ್ಕೊಳ್ಳೋನು ನೀನು!"

"ಅದಕ್ಕೇ."

ಸಂಕಣ್ಣ ನೇರವಾಗಿ ಹೋಗಿ ಗುರುಗಳ ಕಾಲಿಗೆ ಅಡ್ಡಬಿದ್ದ. "ಗುರುಗಳೇ, ನಾನು ಮನೆಮಠ ಇರೋನು. ಹೆಂಡತಿ ಇದ್ದಾಳೆ, ಅವಳಮ್ಮನೂ ನಮ್ಮಲ್ಲೇ ಇದ್ದಾರೆ. ಹೇಗೆ ಬಂದರೆ ಪೆಟ್ಟು ಕಡಿಮೆ ಅಂತ ಮೊದಲೇ ಹೇಳಿಬಿಡಿ."

ಗುರುಗಳು ಉಬ್ಬಿದರು. "ಬಲಗೈ ಎತ್ತಿ ಬಾ. ಮೇಲಿನಿಂದ ಹೊಡಿ. ಹೊಡೆಯುವ ಮುಂಚೆ ಜೋರಾಗಿ ಕೂಗು. ಹೊಡೆದ ಮೇಲೆ ಕೈ ಅಲ್ಲೇ ಇರಲಿ, ಹಿಂದಕ್ಕೆ ಎಳೀಬೇಡ."

"ಎಳೆದರೆ?"

"ಎಳೆದರೆ ನಾನು ಪಟ್ಟು ಹಾಕೋದು ಹೇಗಯ್ಯಾ?"

"ಕೇಳಿದಿರಾ ಬುದ್ಧಿ? ಎಳೀಬಾರದಂತೆ" ಎಂದು ಸಂಕಣ್ಣ ಸಭೆಗೆಲ್ಲ ಕೇಳುವಂತೆ ಹೇಳಿದ.

ಹೇಳಿದ ಹಾಗೇ ಬಲಗೈ ಎತ್ತಿ, ಹೋ ಎಂದು ಕೂಗುತ್ತಾ ನುಗ್ಗಿದ. ಗುರುಗಳು ಬೆರಳು ಆಡಿಸುವುದರೊಳಗೇ ದೊಪ್ಪನೆ ಬಿದ್ದ. ಬಿದ್ದ ಮೇಲೂ ಉರುಳಿದ. ಸಭೆ ಚಪ್ಪಾಳೆ ತಟ್ಟಿತು.

ವಸ್ತಾದರು ಮುಖ ಮುಚ್ಚಿಕೊಂಡರು. 'ಹಾಳಾದವನು, ಇವನೂ ಆ ಕಡೆ ಸೇರಿಕೊಂಡನಲ್ಲ! ನನ್ನ ಮಣ್ಣು ಹೋಯಿತು.'

ಸಂಕಣ್ಣ ಎದ್ದು ಮೈ ಕೊಡವಿಕೊಂಡ. "ಇನ್ನೊಂದು ಸಲ ಗುರುಗಳೇ. ಬಾಯಿ ಒಣಗಿದೆ, ಒಂದು ಎಲೆ ಹಾಕ್ಕೊಂಡು ಬರ್ತೀನಿ."

ಡಬ್ಬಿಯಿಂದ ಸುಣ್ಣ ತೆಗೆದು ಎಲೆಗೆ ಬಳಿದ. ದಿನಾ ಬಲಗೈಯಲ್ಲಿ ಸುಣ್ಣ ಹಚ್ಚುವವನು ಇವತ್ತೇಕೆ ಎಡಗೈ ಬೆರಳನ್ನು ಅದ್ದಿದ ಎಂದು ವಸ್ತಾದರಿಗೆ ಅನ್ನಿಸಿತು. ಅವನು ಬೆರಳು ಒರೆಸಿಕೊಳ್ಳಲೂ ಇಲ್ಲ. ಎಲೆ ಜಗಿಯುತ್ತಾ, ಸಂತೆಯಲ್ಲಿ ಬದನೆಕಾಯಿ ನೋಡಲು ಹೋಗುವವನ ಹಾಗೆ ಗುರುಗಳ ಬಳಿಗೆ ನಡೆದ. ಕೂಗಲಿಲ್ಲ. ಎಡಗೈ ಚಾಚಿ ಹೊಟ್ಟೆಗೆ ಮೆಲ್ಲನೆ ತಿವಿದ, ತಟ್ಟನೆ ಕೈ ಎಳೆದುಕೊಂಡ.

ಗುರುಗಳು ಬೆರಳು ಆಡಿಸಿದರು. ಸಂಕಣ್ಣ ಬೀಳಲಿಲ್ಲ, ಗಂಟಲಿಗೆ ತಿವಿದ. ಗುರುಗಳು ಹುಬ್ಬು ಹಾರಿಸಿದರು. ಹಾರಿದ ಹುಬ್ಬಿನ ನಡುವೆಯೇ ತಿವಿದ.

"ಏಯ್, ಆ ಕೈ ಅಲ್ಲ! ಮೊದಲು ಕೂಗೋ! ನಿಂತ್ಕೋ!" ಎನ್ನುತ್ತಾ ಗುರುಗಳು ಹಿಂದೆ ಹಿಂದೆ ಸರಿದು, ತಮ್ಮ ಶಲ್ಯವನ್ನು ತಾವೇ ತುಳಿದು ದೊಪ್ಪನೆ ಕೂತರು.

"ಮೋಸ! ಇವನು ನನ್ನನ್ನು ಮುಟ್ಟಲೇ ಇಲ್ಲ. ನಾನೇ ಜಾರಿದೆ."

ಸಭೆಯಲ್ಲಿ ಮೊದಲು ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ. ಗುರುಗಳ ಹೊಟ್ಟೆಯ ಮೇಲೊಂದು ಬಿಳಿ ಚುಕ್ಕೆ, ಗಂಟಲಿಗೊಂದು, ಹುಬ್ಬಿನ ನಡುವೆ ಮತ್ತೊಂದು.

"ಮುಟ್ಟಿದ್ದು ಸುಣ್ಣ ಗುರುಗಳೇ" ಎಂದ ಸಂಕಣ್ಣ. "ನೆಲ್ಲಿಬೆಟ್ಟದವರು ಬಾಕು ತರ್ತಾರೆ."

"ನಿಯಮ ತಪ್ಪಿ ಬಂದವನ ಮುಂದೆ ಯಾವ ವಿದ್ಯೆ ತಾನೇ ನಡೆಯುತ್ತದೆ?" ಗುರುಗಳು ರೇಗಿದರು.

ನಾಯಕರು ವಸ್ತಾದರ ಕಡೆ ತಿರುಗಿದರು. "ನಿಮ್ಮ ಗರಡಿಯಲ್ಲಿ ಹೇಗೆ ವಸ್ತಾದರೇ? ಹುಡುಗರು ಹೇಳಿದ ಹಾಗೆ ಬೀಳ್ತಾರಾ?"

"ಎಲ್ಲಿ ಬೀಳ್ತಾರೆ ಬುದ್ಧಿ! ದಿನಾ ನನ್ನನ್ನೇ ಕೆಡವೋಕೆ ನೋಡ್ತಾರೆ." ವಸ್ತಾದರು ತಲೆ ವಾಲಿಸಿ, ಕುಸ್ತಿಯಲ್ಲಿ ಉಜ್ಜಿ ಉಜ್ಜಿ ಹಪ್ಪಳದ ಹಾಗೆ ಮುದುರಿದ ತಮ್ಮ ಕಿವಿ ತೋರಿಸಿದರು. "ಸುಮ್ಮಸುಮ್ಮನೆ ಬೀಳೋ ಹುಡುಗರಿದ್ದಿದ್ದರೆ ಇದು ಹೀಗಿರ್ತಿತ್ತಾ?"

ನಾಯಕರು ನಕ್ಕುಬಿಟ್ಟರು. "ಗರಡಿಯ ಮಣ್ಣು ಒಂದು ಹಿಡಿಯೂ ಅಲುಗಬಾರದು. ಇವತ್ತೇ ಅಲ್ಲಿಗೆ ಒಂದು ಕೊಡ ತುಪ್ಪ ಕಳಿಸಿ!"

ವಸ್ತಾದರಿಗೆ ಹೋದ ಉಸಿರು ಬಂತು. ಕಣ್ಣು ಒರೆಸಿಕೊಂಡು ಸಂಕಣ್ಣನ ಬೆನ್ನಿಗೆ ಮೆಚ್ಚುಗೆಯ ಒಂದು ಗುದ್ದು ಕೊಟ್ಟರು. ಈ ಸಲ ಸಂಕಣ್ಣ ನಿಜವಾಗಿಯೇ ಬಿದ್ದ.

"ಈ ಗುರುಗಳನ್ನು ಏನು ಮಾಡೋಣ? ಊರಾಚೆ ಅಟ್ಟೋಣವೋ?" ಎಂದರು ನಾಯಕರು.

"ಅಯ್ಯೋ, ಉಂಟೇ?" ಸಂಕಣ್ಣ ಬಿದ್ದಲ್ಲಿಂದಲೇ ಕೈ ಮುಗಿದ. "ಇಂಥವರು ಹುಡುಕಿದರೂ ಸಿಗಲ್ಲ ಬುದ್ಧಿ. ಹೊಸ ಶಾಲು ಹೊದಿಸಿ, ಪಲ್ಲಕ್ಕಿಯಲ್ಲಿ ಕೂರಿಸಿ, ನೆಲ್ಲಿಬೆಟ್ಟಕ್ಕೆ ಕಾಣಿಕೆ ಅಂತ ಕಳಿಸಿಕೊಡಿ."

"ಶತ್ರುವಿಗೆ ಕಾಣಿಕೆಯೇ? ಯಾಕೋ?"

"ಅಲ್ಲಿನ ಸೈನಿಕರೆಲ್ಲ ಇವರ ಹತ್ತಿರ ಚೆನ್ನಾಗಿ ಕಲೀಲಿ ಬುದ್ಧಿ. ಆಮೇಲೆ ನಾವು ಕೂಗದೆ, ಎಡಗೈ ಮುಂದೆ ಮಾಡ್ಕೊಂಡು ಹೋಗೋಣ."