ಬೀಗರ ಬೆನ್ನು ಹತ್ತಿದ ಗೋಡೆ

"ಮೂವರು ಗುರುಗಳ ಬಳಿ ಮೂರು ಮಂತ್ರ ಪಡೆದೆ. ಒಂದೂ ನನ್ನಲ್ಲಿ ನಿಲ್ಲಲಿಲ್ಲ. ಮೂರು ದಿನ ಶಾಂತಿ, ನಾಲ್ಕನೆಯ ದಿನ ಅದೇ ಸಿಟ್ಟು, ಅದೇ ಹೊಟ್ಟೆಕಿಚ್ಚು. ತಾವಾದರೂ ಇನ್ನೂ ಗಟ್ಟಿಯಾದ ಮಂತ್ರವೊಂದನ್ನು ಕೊಡಬಾರದೇ?" ಎಂದು ಶಿಷ್ಯ ಕೇಳಿದ. ಕೇಳಿದ್ದಕ್ಕಿಂತ ಹಿಂದಿನ ಮೂವರ ಮೇಲೆ ದೂರು ಹೇಳಿದಂತಿತ್ತು.

ಗುರುಗಳು ಕತೆ ಹೇಳಿದರು.

ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಮಗಳ ಮದುವೆಯ ಚಪ್ಪರದಲ್ಲಿ ಬೀಗರ ಮುಂದೆ ಒಂದು ಮಾತು ಆಡಿಬಿಟ್ಟ: "ನಮ್ಮ ಮನೆಯ ಗೋಡೆ ನೋಡಬೇಕು ನೀವು, ಹಾಲು ಚೆಲ್ಲಿದ ಹಾಗಿದೆ." ಮದುವೆಯ ಗದ್ದಲದಲ್ಲಿ ಇದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ ಎಂದುಕೊಂಡಿದ್ದ. ಬೀಗರು ನೆನಪಿಟ್ಟುಕೊಂಡರು. ಬೀಗರ ಕೆಲಸವೇ ಅದು. ತಿಂಗಳು ಕಳೆಯುವುದರೊಳಗೆ, ನಾಡಿದ್ದು ಊಟಕ್ಕೆ ಬರುತ್ತೇವೆಂದು ಹೇಳಿಕಳಿಸಿದರು.

ಆ ಗೋಡೆಯೋ, ಮೂವತ್ತು ವರ್ಷ ಗಿರಾಕಿಗಳು ಎಣ್ಣೆತಲೆ ಒರಗಿಸಿ ಹರಟಿದ ಗೋಡೆ. ಮೇಲೆ ದೀಪದ ಮಸಿ ಬೇರೆ. ತನ್ನ ಮಾನ ಹೋದರೆ ಹೋಗಲಿ, ತಾನು ಕೊಚ್ಚಿಕೊಂಡದ್ದಕ್ಕೆ ಮಗಳು ಅತ್ತೆಮನೆಯಲ್ಲಿ ಜೀವಮಾನವಿಡೀ ಕೊಂಕು ಕೇಳಬೇಕಲ್ಲ ಎಂದು ವ್ಯಾಪಾರಿಗೆ ಅನ್ನ ಸೇರಲಿಲ್ಲ. ಸುಣ್ಣ ಬಳಿಯುವವನನ್ನು ಕರೆಸಿದ.

ಅವನು ಗೋಡೆಯನ್ನು ಉಗುರಿನಿಂದ ಗೀರಿ ನೋಡಿದ. "ಯಜಮಾನರೇ, ಮೊದಲು ಹಳೇದನ್ನೆಲ್ಲ ಕೆರೀಬೇಕು. ಜಿಡ್ಡನ್ನ ಅಂಟುವಾಳದ ನೀರಲ್ಲಿ ತಿಕ್ಕಿ ತೊಳೀಬೇಕು. ಆಮೇಲೆ ತೆಳ್ಳಗೆ ಒಂದು ಸಲ ಬಳಿದು, ಅದು ಒಣಗಿದ ಮೇಲೆ ಇನ್ನೊಂದು ಸಲ. ಐದು ದಿನದ ಕೆಲಸ" ಎಂದ.

"ಬಳಿಯೋಕೆ ಕರೆದರೆ ಕೆರೆಯೋ ಮಾತಾಡ್ತೀಯಲ್ಲಯ್ಯ! ಒಳಗೇನಿದೆ ಅಂತ ಬೀಗರು ಅಗೆದು ನೋಡ್ತಾರಾ?" ಎಂದು ವ್ಯಾಪಾರಿ ಅವನನ್ನು ಸಾಗಹಾಕಿದ.

ತಾನೇ ಪಂಚೆ ಎತ್ತಿಕಟ್ಟಿ ಕುಂಚ ಹಿಡಿದ. ಹಸಿ ಸುಣ್ಣ ಬೆಳ್ಳಗೆ ಕಾಣುವುದಿಲ್ಲ, ಒಣಗಿದ ಮೇಲೆಯೇ ಬಿಳುಪು ಬರುವುದು. ಎಣ್ಣೆ ಅಳೆದವನಿಗೆ ಇದು ಹೇಗೆ ಗೊತ್ತಾಗಬೇಕು? ಬರೀ ನೀರು ಬಳಿದ ಹಾಗಿದೆಯಲ್ಲ ಎಂದು ಸುಣ್ಣ ಮಾರಿದವನನ್ನು ಬೈಯುತ್ತ ಹಸಿಯ ಮೇಲೆಯೇ ಎರಡನೆಯ ಸಲ ಬಳಿದ. ಅದೂ ಸಾಲದೆಂದು ಮೂರನೆಯ ಸಲ ದೋಸೆಹಿಟ್ಟಿನಷ್ಟು ಮಂದವಾಗಿ ಕಲಸಿ ಮೆತ್ತಿದ. ಮರುದಿನ ನೋಡಿದರೆ ಗೋಡೆ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ವ್ಯಾಪಾರಿ ಹಿಗ್ಗಿ ಹೀರೇಕಾಯಿಯಾದ.

ಬೀಗರು ಸೊಸೆಯನ್ನೂ ಕರೆದುಕೊಂಡು ಬಂದರು. ಗೋಡೆ ನೋಡಿ ಮೂಗಿನ ಮೇಲೆ ಬೆರಳಿಟ್ಟರು. ತಂದೆಯ ಮುಖ ನೋಡಿ ಮಗಳ ಮುಖವೂ ಅರಳಿತು. ಹೋಳಿಗೆ ಊಟ ಮುಗಿಯಿತು. ಹೊಟ್ಟೆ ಬಿರಿಯ ಉಂಡವರು ಏನು ಮಾಡುತ್ತಾರೆ? ಗೋಡೆಗೆ ಒರಗುತ್ತಾರೆ. ಗೋಡೆ ಚರಕ್ ಎಂದಿತು. ವ್ಯಾಪಾರಿಯ ಎದೆ ಧಸಕ್ ಎಂದಿತು.

"ಮುಂದೆ ಬನ್ನಿ ಬೀಗರೇ, ಅಲ್ಲಿ ಸೆಕೆ" ಎಂದು ಎಲೆಯಡಿಕೆಯ ತಟ್ಟೆಯನ್ನು ಆದಷ್ಟು ದೂರಕ್ಕೆ ಎಳೆದಿಟ್ಟ. ಬೀಗರು ಕೈ ಚಾಚಿ ಎಲೆ ತೆಗೆದುಕೊಂಡು ಮತ್ತೆ ಆರಾಮವಾಗಿ ಒರಗಿದರು. ಕೊನೆಗೆ ಹೊರಡಲೆಂದು ಎದ್ದಾಗ ಅವರ ಜೊತೆ ಗೋಡೆಯೂ ಎದ್ದಿತು. ಒರಗಿದ್ದ ಕಡೆಯ ಸುಣ್ಣವೆಲ್ಲ ಹಪ್ಪಳದ ಚೂರಿನಂತೆ ಕಳಚಿ ಅರ್ಧ ನೆಲಕ್ಕೆ, ಅರ್ಧ ಬೀಗರ ಬೆನ್ನಿಗೆ ಬಂತು. ಅವರು ಎದ್ದ ಜಾಗದಲ್ಲಿ, ತಲೆ ಭುಜಗಳ ಸಮೇತ, ಜಿಡ್ಡುಗಪ್ಪಿನ ಇನ್ನೊಬ್ಬ ಬೀಗರು ಕೂತೇ ಇದ್ದರು.

"ಹಾಲು ಚೆಲ್ಲಿದ ಹಾಗಿದೆ ಅಂದಿರಿ ಬೀಗರೇ, ನಮ್ಮ ಮೇಲೇ ಚೆಲ್ಲಬೇಕಿತ್ತೇ?" ಎಂದು ಬೀಗರು ಬೆನ್ನು ಕೊಡವಿಕೊಂಡು ನಡೆದರು. ಅಂದಿನಿಂದ ಬೀಗರ ಮನೆಯಲ್ಲಿ ಮಡಕೆಯ ಮುಚ್ಚಳ ಬಿದ್ದರೂ ಅತ್ತೆ ಸೊಸೆಯನ್ನು ಕೇಳುತ್ತಿದ್ದಳು: "ನಿಮ್ಮಪ್ಪ ಬಳಿದದ್ದೇನೇ?"

ವ್ಯಾಪಾರಿ ಮಗಳ ದುಃಖಕ್ಕೆ ಕಣ್ಣೀರು ಹಾಕಿದ. ಮಾರನೆಯ ದಿನವೇ ಸುಣ್ಣದ ಅಂಗಡಿಗೆ ಹೋಗಿ ಜಗಳ ತೆಗೆದು, "ಇನ್ನೂ ಗಟ್ಟಿಯಾದ ಸುಣ್ಣ ಇದ್ದರೆ ಕೊಡು" ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ನಗು ತಡೆಯಲಾಗಲಿಲ್ಲ. "ಎಂಥ ಪೆದ್ದ! ಕೆರೆಯದೆ ಬಳಿದವನು ತಾನು. ಪಾಪ, ಸುಣ್ಣ ಕೊಟ್ಟವನ ತಪ್ಪೇನು?" ಎಂದ.

"ಹಾಗಾದರೆ ನಿನ್ನ ಆ ಮೂವರು ಗುರುಗಳ ತಪ್ಪೇನು, ಹೇಳು."