ಗೋಡೆಯ ಮೇಲೂ ಅವೇ ಗೆರೆ

ನೀರಾವರಿ ಕಚೇರಿಯ ಸಾಹೇಬರ ಹಳೇ ಲ್ಯಾಪ್‌ಟಾಪಿನ ಪರದೆಯ ತುಂಬ ಹಸಿರು ಗೆರೆಗಳು ಮೂಡಿದ್ದವು. ಬೆಳಿಗ್ಗೆ ಅದರ ಧೂಳು ಒರೆಸಿದವನು ಜವಾನ ಗುಡುಸಾಬ. ಸಾಹೇಬರಿಗೆ ಅಷ್ಟು ಸಾಕಿತ್ತು.

"ಒರಸೋ ನೆಪದಾಗ ಪರದೆ ಒಡದೀದಿ! ತಪ್ಪು ನಂದೇ ಅಂತ ಬರದು ಕೊಡು, ಇಲ್ಲಾ ನೌಕರಿ ಬಿಡು!" ಎಂದು ಇಡೀ ಕಚೇರಿಯ ಎದುರು ಗುಡುಗಿದರು.

"ಬರದು ಕೊಡ್ತೀನ್ರೀ ಸಾಹೇಬ್ರ, ಸ್ವಲ್ಪ ತಡೀರಿ," ಎಂದ ಗುಡುಸಾಬ. ಮೀಟಿಂಗುಗಳಿಗೆ ಪ್ರೊಜೆಕ್ಟರು ಹಚ್ಚುವವನು ಅವನೇ. ಅದರ ವೈರು ಎಳೆದು ತಂದು ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಎದುರಿನ ಬಿಳಿ ಗೋಡೆಯ ಮೇಲೂ ಅವೇ ಹಸಿರು ಗೆರೆ!

"ನೋಡ್ರಿ, ಪರದೆ ಒಡದಿದ್ರ ಗೆರಿ ಪರದೆ ಮ್ಯಾಲಷ್ಟ ಇರಬೇಕಿತ್ತು. ಕೆಟ್ಟಿದ್ದು ಚಿತ್ರ ಕಳಸೋ ಒಳಗಿನ ಗ್ರಾಫಿಕ್ಸ್ ಕಾರ್ಡು. ಗಾಳಿ ಆಡದಂಗ ದಿನಾ ದಿಂಬಿನ ಮ್ಯಾಲಿಟ್ಟು ಸಿನಿಮಾ ನೋಡಿದ್ರ, ಅದು ಸುಡಲಾರದ ಏನ್ ಮಾಡೀತ್ರೀ?"

ಗುಮಾಸ್ತರೆಲ್ಲ ಫೈಲಿನೊಳಗೆ ಮುಖ ಹುದುಗಿಸಿ ನಕ್ಕರು. ಸಾಹೇಬರು ಎದ್ದು ಹೋಗಿ ಗೋಡೆಯನ್ನು ಕೈಯಿಂದ ಸವರಿ ನೋಡಿದರು. ಸೋಲೊಪ್ಪಲು ಮನಸ್ಸಿಲ್ಲ.

"ಈ ಗ್ವಾಡಿಗೂ ಏನೋ ಆಗೇತಿ," ಎಂದರು.

ಗುಡುಸಾಬ ಪೆನ್ನಿನ ಮುಚ್ಚಳ ತೆಗೆದ.

"ಹಂಗಾರ ಗ್ವಾಡೀನೂ ನಾನ ಒಡದೀನಿ ಅಂತ ಬರೀಲೇನ್ರೀ?"