ಏಳು ಬಗೆ ಬಿಟ್ಟು ಒಂದು ಸುಸಲಾ

ರಾಣೆಬೆನ್ನೂರಿನ ದಾಕ್ಷಾಯಿಣಿ ಬಸ್ ಕಂಡಕ್ಟರ್. ಭಾನುವಾರ ಬೆಳಗಿನ ಪಾಳಿ ಮುಗಿಸಿ ಮನೆಗೆ ಬರುವುದು ಹತ್ತೂವರೆಗೆ. ನಾಷ್ಟಾಕ್ಕೆ ತಡ, ಊಟಕ್ಕೆ ಬೇಗ ಎನ್ನುವ ಹೊತ್ತು. ಬಂದವಳೇ ಚೀಲ ಗೂಟಕ್ಕೆ ಹಾಕಿ ಒಲೆ ಹಚ್ಚುತ್ತಾಳೆ.

ಹೋದ ವರ್ಷ ಅಮ್ಮಂದಿರ ದಿನ ಅವಳ ಹೆಣ್ಣುಮಕ್ಕಳು ಚಂದ್ರಿಕಾ, ಇಂಚರಾ ಮೊಬೈಲ್ ನೋಡಿ ಏಳು ಬಗೆ ಅಡುಗೆ ಮಾಡಲು ಹೊರಟಿದ್ದರು. ಚಹಾ ಬಿಟ್ಟರೆ ಬೇರೇನೂ ಮಾಡಿ ಗೊತ್ತಿಲ್ಲದವರ ಧೈರ್ಯ ನೋಡಿ! ಪಾಯಸ ತಳ ಹಿಡಿಯಿತು, ಪೂರಿ ಹಪ್ಪಳವಾಯಿತು. ಕೊನೆಗೆ ದಾಕ್ಷಾಯಿಣಿಯೇ ಸೌಟು ಹಿಡಿದು ಎಲ್ಲರಿಗೂ ಬಡಿಸಿ, ಉಳಿದದ್ದನ್ನು ನಿಂತುಕೊಂಡೇ ತಿಂದಳು. ಚಂದ್ರಿಕಾಗೆ ಅದು ವರ್ಷವಿಡೀ ಚುಚ್ಚುತ್ತಿತ್ತು.

"ಈ ಸಲ ಒಂದ ಪದಾರ್ಥ. ಅವ್ವ ಒಲಿ ಮುಂದ ಬಂದ್ರ ನಾವು ಸೋತಂಗ," ಎಂದಳು.

ಮಂಡಕ್ಕಿ ಸುಸಲಾ ಎಂದು ತೀರ್ಮಾನವಾಯಿತು. ಮಂಡಕ್ಕಿ ನೆನೆಸಿ, ಹಿಂಡಿ, ಒಗ್ಗರಣೆಗೆ ಹಾಕಿ, ಹುರಿಗಡಲೆ ಪುಡಿ ಉದುರಿಸಿದರೆ ಮುಗಿಯಿತು. ಆದರೆ ಇಂಚರಾ ಬೇಳೆ ನೆನೆಸಿದ ಹಾಗೆ ಒಂಬತ್ತಕ್ಕೇ ಮಂಡಕ್ಕಿಯನ್ನು ನೀರಿಗೆ ಹಾಕಿಟ್ಟಳು. ಹತ್ತಕ್ಕೆ ನೋಡಿದರೆ ಬೋಗುಣಿ ತುಂಬ ಗಂಜಿ. ಅವಳಿಗೆ ಅಳುವೇ ಬಂತು.

ಮುಂಬಾಗಿಲಲ್ಲಿ ಕುಳಿತಿದ್ದ ಅಜ್ಜಿ ಗಂಗವ್ವ, ಅಂದರೆ ದಾಕ್ಷಾಯಿಣಿಯ ಅತ್ತೆ, ಗದರಿದಳು: "ಅಳೂದು ಆಮ್ಯಾಲ. ಡಬ್ಬ್ಯಾಗ ಇನ್ನೂ ಅರ್ಧ ಐತಿ. ನಿಮ್ಮವ್ವ ಬಂದ ಮ್ಯಾಲ ನೀರಿಗೆ ಹಾಕು, ತೊಯ್ದ ಕೂಡ್ಲೇ ಹಿಂಡು."

ಚಂದ್ರಿಕಾ ಮೆಣಸಿನಕಾಯಿ ಹೆಚ್ಚಲು ಕುಳಿತವಳು ಕೈ ತಡೆದು ಕೇಳಿದಳು. "ಅಜ್ಜಿ, ಅವ್ವಗ ಖಾರ ಎಷ್ಟ ಬೇಕು?"

ಗಂಗವ್ವನಿಗೂ ಗೊತ್ತಿರಲಿಲ್ಲ. ಇಂಚರಾಗೆ ಖಾರ ಆಗದು ಎಂದು ಆ ಮನೆಯಲ್ಲಿ ಎಲ್ಲವೂ ಸಪ್ಪೆ. ಅವ್ವನನ್ನು ಯಾರೂ ಕೇಳಿರಲಿಲ್ಲ.

ಅಷ್ಟರಲ್ಲಿ ದಾಕ್ಷಾಯಿಣಿ ಬಂದಳು. ಚೀಲ ಗೂಟಕ್ಕೆ ಹಾಕಿ, ಅಡುಗೆಮನೆಯತ್ತ ಹೊರಟಳು. ಚಂದ್ರಿಕಾ ಬಾಗಿಲಿಗೆ ಎರಡೂ ಕೈ ಅಡ್ಡ ಚಾಚಿ ನಿಂತಳು.

"ಒಳಗ ಬರಬ್ಯಾಡ. ಕುಂದ್ರು. ಸುಸಲಾ ನಿನಗ ಹೆಂಗ ಬೇಕು?"

"ಹೆಂಗ ಮಾಡಿದ್ರೂ ನಡೀತೈತಿ. ಬಾಜೂ ಸರಿ, ನಾನ ಮಾಡ್ತೀನಿ."

"ನಡಿಯಂಗಿಲ್ಲ. ಹೇಳೂತನಕ ಒಲಿ ಹಚ್ಚಂಗಿಲ್ಲ!"

ದಿನವಿಡೀ "ಎಲ್ಲಿಗೆ?" ಎಂದು ಜನರನ್ನು ಕೇಳುವ ದಾಕ್ಷಾಯಿಣಿಗೆ ತನ್ನನ್ನೇ ಯಾರಾದರೂ ಕೇಳುವುದು ಹೊಸದು. ಹಸಿವಾಗಿತ್ತು, ಮಗಳ ಕೈ ಸರಿಸಲು ನೋಡಿದಳು. ಮಗಳು ಕೈ ಇಳಿಸಲಿಲ್ಲ. ಕೊನೆಗೆ ದಾಕ್ಷಾಯಿಣಿ ಗೋಡೆಗೆ ಒರಗಿ ಕುಳಿತು, ಮೆಲ್ಲಗೆ ಹೇಳಿದಳು:

"ಐದು ಮೆಣಸಿನಕಾಯಿ ಹಾಕ. ಉಳ್ಳಾಗಡ್ಡಿ ಭಾಳ ಬೇಯಿಸಬ್ಯಾಡ."

ಹಾಗೆಯೇ ಆಯಿತು. ಉಪ್ಪು ಚೂರು ಕಡಿಮೆ, ಅರಿಶಿನ ಜಾಸ್ತಿ. ದಾಕ್ಷಾಯಿಣಿ ಕುಳಿತು, ಬಿಸಿಬಿಸಿಯಾಗಿ, ಮೂಗು ಒರೆಸಿಕೊಳ್ಳುತ್ತ ತಿಂದಳು. "ಇನ್ನೊಂದ ಸ್ವಲ್ಪ ಹಾಕ್ರಿ," ಎಂದು ತಟ್ಟೆ ಚಾಚಿದಳು. ಅವಳು ಹಾಗೆ ಕೇಳಿದ್ದನ್ನು ಮಕ್ಕಳು ಕಂಡದ್ದು ಅದೇ ಮೊದಲು. ಇಬ್ಬರಿಗೂ ಹೇಳತೀರದ ಸಂತೋಷವಾಯಿತು.

ಆಗ ಇಂಚರಾ ಮುಂಬಾಗಿಲತ್ತ ತಿರುಗಿದಳು. "ಅಜ್ಜಿ, ನೀನೂ ಅವ್ವ ಅಲ್ಲೇನು? ನಿನಗ ಹೆಂಗ ಬೇಕು?"

ಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಾಚಿದಳು. "ಆ ಬೋಗುಣ್ಯಾಗ ಗಂಜಿ ಆಗೇತಲ್ಲ, ಅದಕ್ಕ ಒಗ್ಗರಣಿ ಹಾಕಿ ಕೊಡ. ಹಲ್ಲು ಹೋಗಿ ನಾಕು ವರ್ಷ ಆತು. ಮೆತ್ತಗಿಂದು ಬೇಕಂತ ಯಾರಿಗೆ ಹೇಳ್ಲಿ?"

ದಾಕ್ಷಾಯಿಣಿಯ ಕೈ ತಟ್ಟೆಯಲ್ಲೇ ನಿಂತಿತು. ನಾಲ್ಕು ವರ್ಷ ಅತ್ತೆಗೆ ದಿನಾ ಬಡಿಸಿದವಳು ಅವಳೇ. ಅವಳೂ ಕೇಳಿರಲಿಲ್ಲ.

ನೀತಿ: ತಾಯಿಗೆ ಏಳು ಬಗೆ ಬೇಕಿಲ್ಲ. ಆಕೆಯನ್ನು ಕೂರಿಸಿ, "ನಿನಗೆ ಹೇಗೆ ಬೇಕು?" ಎಂದು ಕೇಳಿ, ಉತ್ತರ ಬರುವವರೆಗೂ ಬಾಗಿಲು ಬಿಡಬೇಡಿ. ಮನೆಯಲ್ಲಿ ಇನ್ನೊಬ್ಬ ತಾಯಿ ಇದ್ದರೆ, ಆಕೆಯನ್ನೂ ಕೇಳಿ.